ಹೋಗುವಾಗ ಹತ್ತೊಂಬತ್ತು, ಬರುವಾಗ ಹನ್ನೊಂದು

"ಇದರಲ್ಲಿ ಐವತ್ತೆಂಟು ಅಂತಿದೆಯಲ್ಲ ಮೇಡಂ... ಈಗ ಅರವತ್ತು ದಾಟಿದವರಿಗೆ ಮಾತ್ರ ಲಸಿಕೆ."

"ಕಾಗದದಲ್ಲಿ ಹಾಗಿದೆ ಅಷ್ಟೇ ರೀ. ಅಪ್ಪನಿಗೆ ಅರವತ್ತೆರಡು."

"ಅದು ಹೇಗೆ?"

"ಅಪ್ಪ ಶಾಲೆಗೆ ಸೇರಿದ್ದೇ ಹತ್ತನೇ ವರ್ಷಕ್ಕೆ. ನೋಡೋಕೆ ಇಷ್ಟೇ ಇಷ್ಟು ಇದ್ರಂತೆ. ಅದಕ್ಕೆ ನಮ್ಮ ತಾತ ಆರು ವರ್ಷ ಅಂತ ಬರೆಸಿಬಿಟ್ರು."

"ಸೈಜ್ ನೋಡಿ ವಯಸ್ಸು ಬರೆಸಿದ್ರಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅವಳ ಕಿವಿ ಕೆಂಪಾಯಿತು. ಶಾಲೆಯ ಬಾಗಿಲಲ್ಲಿ ಮೇಜಿನ ಹಿಂದೆ ಟೋಕನ್ ಬರೆಯುತ್ತಿದ್ದ ಆ ಮನುಷ್ಯನ ಕಣ್ಣುಗಳೂ ಮಾಸ್ಕಿನ ಮೇಲೆ ನಗುತ್ತಿದ್ದವು... ನಗುತ್ತಿವೆ ಎಂದೇ ಅವಳಿಗೆ ಅನ್ನಿಸಿತು. ಮುಖದ ಮುಕ್ಕಾಲು ಭಾಗ ಮುಚ್ಚಿರುವ ಈ ಕಾಲದಲ್ಲಿ ಯಾರು ನಗುತ್ತಿದ್ದಾರೆ, ಯಾರು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾರೆ ಎಂದು ಹೇಳುವುದಾದರೂ ಹೇಗೆ?

"ನಗೋ ವಿಷಯ ಅಲ್ಲ ಇದು!" ಅವಳು ಮೇಜಿಗೆ ಬಾಗಿದಳು. "ಮೂವತ್ತು ವರ್ಷ ಬೇಕರಿ ಒಲೆ ಮುಂದೆ ನಿಂತವರು ಇವರು. ಹಿಟ್ಟಿನ ಧೂಳು ಕುಡಿದು ಕುಡಿದು ಎದೆ ಹಾಳಾಗಿದೆ. ಈ ರೋಗ ಬಂದ್ರೆ ತಡ್ಕೊಳ್ಳಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ. ಉಸಿರಾಡಬೇಕಾದ್ದು ಅಪ್ಪ ರೀ, ನಿಮ್ಮ ಕಾಗದ ಅಲ್ಲ!"

ನಕ್ಕವರು ಮಾಸ್ಕ್ ಸರಿಮಾಡಿಕೊಂಡರು.

ಆ ಮನುಷ್ಯ ಪೆನ್ನು ಕೆಳಗಿಟ್ಟರು. "ನಾನು ನಗಲಿಲ್ಲ ಮೇಡಂ. ಆದ್ರೆ ಕಾಗದದಲ್ಲಿ ಇರೋದನ್ನ ನಾನು ತಿದ್ದೋ ಹಾಗಿಲ್ಲ. ತಿದ್ದಿದ್ರೆ ಇನ್ನೊಬ್ಬರ ಜಾಗ ಹೋಗುತ್ತೆ."

"ಬಿಡು ಪುಟ್ಟಿ," ಎಂದರು ಹಿಂದೆ ನಿಂತಿದ್ದ ಅಪ್ಪ. "ಅವರ ಕೆಲಸ ಅವರು ಮಾಡ್ತಿದ್ದಾರೆ. ನಡಿ, ಮನೆಗೆ ಹೋಗೋಣ."

ಅಪ್ಪನ ದನಿಯಲ್ಲಿ ಏನೋ ಒಂದು ಹಗುರ ಇತ್ತು. ಎಷ್ಟು ಒಳ್ಳೆಯ ಜೀವ ಇದು, ಇಷ್ಟಾದರೂ ಬೇಸರವಿಲ್ಲ ಎಂದುಕೊಂಡಳು ಮಗಳು. ಕಣ್ಣು ತುಂಬಿ ಬಂತು.

"ಒಂದ್ನಿಮಿಷ..." ಮೇಜಿನ ಹಿಂದಿನವರು ಎದ್ದು ನಿಂತರು. "ಸಂಜೆ ಐದರ ಹೊತ್ತಿಗೆ ತೆರೆದ ಸೀಸೆಯಲ್ಲಿ ಒಂದೋ ಎರಡೋ ಡೋಸ್ ಮಿಕ್ಕಿರುತ್ತೆ. ಅದನ್ನ ನಾಳೆಗೆ ಇಡೋ ಹಾಗಿಲ್ಲ. ಅದಕ್ಕೆ ಬೇರೆ ಪಟ್ಟಿ ಇದೆ, ವಯಸ್ಸಿನ ಲೆಕ್ಕ ಇಲ್ಲ. ಫೋನ್ ಮಾಡಿದ ಹತ್ತು ನಿಮಿಷದಲ್ಲಿ ಬಂದು ನಿಲ್ಲಬೇಕು, ಅಷ್ಟೇ. ಹನ್ನೊಂದನೇ ನಿಮಿಷಕ್ಕೆ ಮುಂದಿನವರನ್ನ ಕರೀತೀವಿ. ಬರ್ತೀರಾ?"

ಮನೆ ಮೂರು ಬೀದಿಗಳಾಚೆ. ನಡುವೆ ಎರಡು ಕಡೆ ಅಡ್ಡಗಟ್ಟಿ ವಾಹನ ಬಿಡುತ್ತಿರಲಿಲ್ಲ. ಅಪ್ಪನಿಗೆ ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಏದುಸಿರು...

"ಬರ್ತೀವಿ!" ಎಂದುಬಿಟ್ಟಳು.

ಪಟ್ಟಿಯಲ್ಲಿ ಅಪ್ಪನದು ಮೂವತ್ತೊಂದನೇ ಹೆಸರು.

* * *

ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಕ್ಕ ಅನ್ನುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ! ಅವಳಿಗೆ ಮೂವತ್ತಮೂರು. ಮನೆಯ ಮುಂದಿನ ಕೋಣೆಯೇ ಅಂಗಡಿ, ರಸ್ತೆಗೆ ತೆರೆಯುವ ಕಿಟಕಿಯೇ ಈಗ ಕೌಂಟರ್. ಬಟ್ಟೆ ತಂದವರು ಹೊರಗಿನ ಬುಟ್ಟಿಯಲ್ಲಿ ಹಾಕಿ, ದೂರ ನಿಂತು ಅಳತೆ ಕೂಗಬೇಕು. ಬುಟ್ಟಿಗೆ ಬಿದ್ದದ್ದು ಎರಡು ದಿನ ಹಿತ್ತಲ ತಂತಿಯ ಮೇಲೆ ಬಿಸಿಲು ಕಾಯಬೇಕು. ಆಮೇಲೆ ಮೆಷಿನ್ನು.

ಹೊಸ ಬಟ್ಟೆ ಹೊಲಿಸುವವರೇ ಇರಲಿಲ್ಲ. ಹೊರಗೆ ಹೋಗದವರಿಗೆ ಹೊಸದು ಯಾಕೆ? ಆದರೆ ಮನೆಯಲ್ಲಿ ಕೂತು ಕೂತು ಇಡೀ ಬೀದಿಯ ಸೊಂಟ ಎರಡೆರಡು ಇಂಚು ಬೆಳೆದಿತ್ತು!

"ಒಗೆದು ಒಗೆದು ಪ್ಯಾಂಟು ಕುಗ್ಗಿಬಿಟ್ಟಿದೆ ಟೈಲರಕ್ಕ, ಸ್ವಲ್ಪ ಲೂಸ್ ಮಾಡಿಕೊಡಿ." ಎಲ್ಲರದೂ ಒಂದೇ ಮಾತು.

"ಹೌದು ಹೌದು, ಬಟ್ಟೆಯದೇ ತಪ್ಪು." ಇವಳದೂ ಒಂದೇ ಉತ್ತರ.

ಒಳಮಡಿಕೆ ಬಿಚ್ಚಿ ಸಡಿಲ ಮಾಡುವಾಗ ಅವಳು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು. ದೇವರೇ, ಇವರೆಲ್ಲ ಹೀಗೇ ಚೆನ್ನಾಗಿ ತಿನ್ನಲಿ... ಇವರ ಸೊಂಟದಿಂದ ನಮ್ಮ ಒಲೆ ಉರಿಯುತ್ತಿದೆ!

ಬೆಳಿಗ್ಗೆ ಎದ್ದ ಕೂಡಲೇ ಅವಳ ಮೊದಲ ಕೆಲಸ, ಉಸಿರು ಹಿಡಿದು ಪಕ್ಕದ ಕೋಣೆಗೆ ಕಿವಿಗೊಡುವುದು. ಅಪ್ಪನ ಎದೆಯ ಸುಂಯ್ ಸುಂಯ್ ಸದ್ದು ಕೇಳಿಸಿದರೆ ಸಾಕು. ಆ ಸದ್ದಿನ ಮೇಲೆ ಹಿಂದೆಲ್ಲ ಎಷ್ಟು ಸಿಟ್ಟು ಬರುತ್ತಿತ್ತು! ಈಗ ಅದು ಕೇಳಿಸಿದರೇನೇ ದಿನ ಶುರು.

ಅಮ್ಮ ಹೋಗಿ ಹನ್ನೊಂದು ವರ್ಷ. ಇರುವುದು ಇವರಿಬ್ಬರೇ. ನಾಲ್ಕು ವರ್ಷದ ಹಿಂದೆ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನೇ. ಆದರೆ, "ನಿಮ್ಮಪ್ಪನಿಗೆ ಬೇರೆ ಏನಾದ್ರೂ ವ್ಯವಸ್ಥೆ ಮಾಡೋಣ" ಎಂದಿದ್ದ. ಅಪ್ಪ ಅಂದರೆ ಮೂಲೆಗೆ ಸರಿಸುವ ಹಳೇ ಕಪಾಟೇ? ಅಲ್ಲಿಗೆ ಆ ಮಾತು ಮುಗಿಯಿತು. ಆಮೇಲೆ ಅವಳೂ ಯಾರನ್ನೂ ನೋಡಲಿಲ್ಲ, ಅವಳನ್ನೂ ಯಾರೂ ನೋಡಲಿಲ್ಲ.

ಹಾಗಂತ ಅವಳು ಅಂದುಕೊಂಡಿದ್ದಳು!

* * *

"ಟೈಲರ್ ಮೇಡಂ... ಈ ಪ್ಯಾಂಟನ್ನ ಟೈಟ್ ಮಾಡಬೇಕಿತ್ತು."

"ಟೈಟಾ?!"

ಮೆಷಿನ್ನು ತುಳಿಯುತ್ತಿದ್ದ ಕಾಲು ಗಕ್ಕನೆ ನಿಂತಿತು. ಕಿಟಕಿಯಾಚೆ ಆರಡಿ ದೂರದಲ್ಲಿ, ವಿದ್ಯುತ್ ಕಂಬದ ಪಕ್ಕ ನಿಂತಿದ್ದವರು... ಅದೇ ಟೋಕನ್ ಮನುಷ್ಯ!

"ಈ ವರ್ಷ ಟೈಟ್ ಮಾಡಿಸೋಕೆ ಬಂದ ಮೊದಲನೇ ಗಿರಾಕಿ ನೀವೇ," ಎಂದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ನಗು ಬಂತು.

"ನನ್ನ ಅಡುಗೆ ನಾನೇ ಮಾಡ್ಕೊಳ್ತೀನಿ ಮೇಡಂ. ನೀವು ಒಂದು ದಿನ ತಿಂದ್ರೆ ನಿಮಗೂ ಟೈಟ್ ಮಾಡಿಸೋ ಯೋಗ ಬರುತ್ತೆ."

ಒಳಗಿನಿಂದ ಅಪ್ಪ ಗಹಗಹಿಸಿ ನಕ್ಕು, ಆ ನಗೆಗೆ ಕೆಮ್ಮಿದರು.

ಮಾತಿಗೆ ಮಾತು ಬಂದು ಎಲ್ಲ ತಿಳಿಯಿತು. ಅವರು ಅದೇ ಶಾಲೆಯ ಡ್ರಿಲ್ ಮೇಷ್ಟ್ರು. ಶಾಲೆಯ ಸಭಾಂಗಣ ಲಸಿಕೆ ಕೇಂದ್ರವಾಯಿತು, ಆಡಿಸಲು ಮಕ್ಕಳಿಲ್ಲದ ಮೇಷ್ಟ್ರಿಗೆ ಟೋಕನ್ ಬರೆಯುವ ಕೆಲಸ ಬಂತು. ಅವರ ಅಮ್ಮ ದೂರದ ಊರಿನಲ್ಲಿ ಅಕ್ಕನ ಮನೆಯಲ್ಲಿ. ಇಲ್ಲಿ ಇವರೊಬ್ಬರೇ.

"ಖಾಲಿ ಮೈದಾನ ನೋಡೋಕಾಗಲ್ಲ ಮೇಡಂ. 'ಗಲಾಟೆ ಮಾಡಬೇಡ್ರೋ' ಅಂತ ಹನ್ನೆರಡು ವರ್ಷ ಕಿರುಚಿದ್ದೀನಿ. ಈಗ ಯಾರಾದ್ರೂ ಬಂದು ಗಲಾಟೆ ಮಾಡಲಿ ಅನ್ಸುತ್ತೆ." ಆಮೇಲೆ ಕೇಳಿದರು, "ಅದಿರಲಿ... ನಿಜ ಹೇಳಿ. ಹತ್ತು ನಿಮಿಷದಲ್ಲಿ ಬರೋಕಾಗುತ್ತಾ ನಿಮ್ಮಪ್ಪನಿಗೆ?"

ಅವಳು ತಲೆ ತಗ್ಗಿಸಿದಳು. "ಆವತ್ತು ನೋಡಿದೆ. ಇಪ್ಪತ್ತು ಆಯ್ತು."

"ಮೇಲ್ಮನೆಯವರು ತಳ್ಳೋ ಕುರ್ಚಿ ಕೊಡ್ತೀನಿ ಅಂದ್ರು," ಅಪ್ಪ ಒಳಗಿನಿಂದ ಕೂಗಿದರು. "ನಾನೇನು ಸಾಮಾನಾ, ತಳ್ಕೊಂಡು ಹೋಗೋಕೆ?"

ಮೇಷ್ಟ್ರು ಜೇಬಿನಿಂದ ಸ್ಟಾಪ್‌ವಾಚ್ ತೆಗೆದರು. "ಓಡೋಕೇ ಬರದ ಮಕ್ಕಳನ್ನ ಓಡಿಸಿದ್ದೀನಿ ಯಜಮಾನ್ರೇ. ನಿಮ್ಮನ್ನ ನಡೆಸೋಕಾಗಲ್ವಾ? ನಾಳೆಯಿಂದ ದಿನಾ ಸಂಜೆ ಆರಕ್ಕೆ, ಮನೆಯಿಂದ ಶಾಲೆ ಗೇಟಿನ ತನಕ. ನಿಧಾನಕ್ಕೆ ಅಭ್ಯಾಸ ಆಗುತ್ತೆ. ನನಗೆ ಹೇಗೂ ದಾರೀಲೇ ಅಲ್ವಾ."

"ಅಯ್ಯೋ, ನನಗ್ಯಾಕಪ್ಪಾ ಈ ವಯಸ್ಸಲ್ಲಿ ಡ್ರಿಲ್ಲು!"

"ನಿಮಗೆ ಬರೀ ಐವತ್ತೆಂಟು ಯಜಮಾನ್ರೇ. ನಾನೇ ನೋಡಿದ್ದೀನಿ ಕಾಗದ!"

ಈ ಸಲ ಮಾಸ್ಕಿನ ಮೇಲಿನ ಕಣ್ಣುಗಳು ನಗುತ್ತಿವೆ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ.

* * *

ಆಮೇಲಿನ ಸಂಜೆಗಳು... ಏನು ಹೇಳಲಿ!

ಆರು ಹೊಡೆಯುವುದರೊಳಗೆ ಮೇಷ್ಟ್ರು ಕಂಬದ ಪಕ್ಕ ಹಾಜರು. ರಸ್ತೆಯ ಈ ಬದಿಗೆ ಅಪ್ಪ, ಆ ಬದಿಗೆ ಮೇಷ್ಟ್ರು. ಇಬ್ಬರೂ ರಸ್ತೆಯ ಅಡ್ಡಕ್ಕೆ ಕೂಗಿ ಮಾತಾಡುತ್ತ ಹೊರಡುತ್ತಿದ್ದರು. ಅವಳು ಕಿಟಕಿಯಲ್ಲಿ ಕೂತು ಗುಂಡಿಗೆ ಕಾಜಾ ಹಾಕುತ್ತ ಕಾಯುತ್ತಿದ್ದಳು.

"ಎಷ್ಟಾಯ್ತು ಮೇಷ್ಟ್ರೇ?"

"ಹೋಗುವಾಗ ಹತ್ತೊಂಬತ್ತು."

ಮರುದಿನವೂ ಹತ್ತೊಂಬತ್ತು. ಒಂದು ವಾರ ಕಳೆದರೂ ಹತ್ತೊಂಬತ್ತು.

"ಒಂದು ನಿಮಿಷನೂ ಇಳೀಲಿಲ್ವಲ್ಲ..." ಅವಳಿಗೆ ಅಳು ಬರುತ್ತಿತ್ತು.

"ಇಳಿಯುತ್ತೆ ಮೇಡಂ. ನನ್ನ ಹತ್ರ ಬಿಡಿ," ಎನ್ನುತ್ತಿದ್ದರು ಮೇಷ್ಟ್ರು. ಅಪ್ಪ ಮಾತ್ರ ಆಗೆಲ್ಲ ಚಪ್ಪಲಿಯ ದೂಳು ಕೊಡವುವುದರಲ್ಲಿ ಮಗ್ನ.

ಒಂದು ದಿನ ಸೆಕೆ ಜೋರಾಗಿತ್ತು. ಮೇಷ್ಟ್ರು ನೀರು ಕುಡಿಯಲು ಆಚೆ ತಿರುಗಿ ಮಾಸ್ಕ್ ಇಳಿಸಿದರು. ಅವಳು ನೋಡಿಬಿಟ್ಟಳು! ದಪ್ಪ ಮೀಸೆ ಇರುತ್ತದೆ ಎಂದು ಅದೆಷ್ಟು ದಿನದಿಂದ ಅಂದುಕೊಂಡಿದ್ದಳೋ. ಮೀಸೆಯೇ ಇಲ್ಲ! ಗಲ್ಲದ ಮೇಲೆ ಸಣ್ಣದೊಂದು ಗಾಯದ ಗುರುತು. ಯಾವಾಗ ಬಿದ್ದದ್ದೋ, ಯಾರು ಔಷಧಿ ಹಚ್ಚಿದ್ದರೋ... ಇದನ್ನೆಲ್ಲ ನಾನು ಯಾಕೆ ಯೋಚಿಸುತ್ತಿದ್ದೇನೆ? ಸೂಜಿ ಬೆರಳಿಗೆ ಚುಚ್ಚಿತು. ಹದಿನೈದು ವರ್ಷದಲ್ಲಿ ಮೊದಲ ಸಲ!

ಭಾನುವಾರ ಅಪ್ಪ ಬ್ರೆಡ್ ಮಾಡಿದರು. ಕಂದು ಬಣ್ಣಕ್ಕೆ ತಿರುಗಿದ ಆ ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವಳು ಬುಟ್ಟಿಯಲ್ಲಿಟ್ಟಳು.

"ಇದೇನು?"

"ನಿಮ್ಮ ಸೊಂಟಕ್ಕೆ. ಟೈಟ್ ಮಾಡೋದು ನಮ್ಮ ಕಸುಬಿಗೆ ಅವಮಾನ."

ಮೇಷ್ಟ್ರು ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. "ಯಾರಾದ್ರೂ ನನಗೆ ಅಂತ ಏನಾದ್ರೂ ಮಾಡಿ... ತುಂಬ ದಿನ ಆಗಿತ್ತು ಮೇಡಂ," ಎಂದರು. ಆ ದನಿ ಕಿಟಕಿ ದಾಟಿ ಬಂದು ಅವಳ ಎದೆಯಲ್ಲಿ ಎಲ್ಲೋ ಕೂತುಬಿಟ್ಟಿತು.

* * *

ಪಟ್ಟಿ ಮುಂದೆ ಸರಿಯುತ್ತಿತ್ತು. ಮೂವತ್ತೊಂದು ಹದಿನೆಂಟಾಯಿತು. ಒಂಬತ್ತಾಯಿತು. ಎರಡಾಯಿತು.

ಆ ಗುರುವಾರ ಅವಳು ಫೋನನ್ನು ಅಪ್ಪನ ಪಕ್ಕದಲ್ಲಿಟ್ಟು ಹಿತ್ತಲಿಗೆ ಬಟ್ಟೆ ತರಲು ಹೋಗಿದ್ದಳು. ಹತ್ತು ನಿಮಿಷ, ಅಷ್ಟೇ. ಬಂದು ಕೇಳಿದಾಗ ಅಪ್ಪ, "ಯಾರದೂ ಫೋನ್ ಬಂದಿಲ್ಲ ಪುಟ್ಟಿ," ಎಂದರು.

ಒಂದು ಗಂಟೆಯಲ್ಲಿ ಮೇಲ್ಮನೆ ಆಂಟಿ ಮೆಟ್ಟಿಲಿಳಿದು ಬಂದರು. ತೋಳಿನ ಮೇಲೆ ಹತ್ತಿ, ಮುಖದಲ್ಲಿ ಬೆಳಕು!

"ನನಗೆ ಸಿಕ್ತು ಕಣೇ! ಇವತ್ತು ಒಂದೇ ಒಂದು ಡೋಸ್ ಮಿಕ್ಕಿತ್ತಂತೆ. ಅಲ್ಲಾ, ನಿಮ್ಮಪ್ಪಂದಲ್ವಾ ಮೊದಲು ಹೆಸರು? ಸಿಸ್ಟರ್ರೇ ಕೇಳಿದ್ರು, ಇವರ ಹೆಸರು ಯಾಕೆ ಬಿಟ್ರಿ ಅಂತ. 'ಬಿಡಿ, ಮುಂದಿನವರನ್ನ ಕರೀರಿ' ಅಂದ್ರಂತೆ ನಿಮ್ಮ ಮೇಷ್ಟ್ರು."

ಅವಳ ಕೈಯಿಂದ ಬಟ್ಟೆ ಜಾರಿತು.

ಬಿಟ್ಟರೇ? ಅಪ್ಪನ ಹೆಸರನ್ನೇ? ಹತ್ತು ನಿಮಿಷದಲ್ಲಿ ಬರಲಾರರು ಎಂದು ತಾವೇ ತೀರ್ಮಾನ ಮಾಡಿಬಿಟ್ಟರೇ? ಹಾಗಾದರೆ ಇಷ್ಟು ದಿನದ ನಡಿಗೆ... ಆ ನಗು... ಆ ಮಾತು...?

ಆರಕ್ಕೆ ಮೇಷ್ಟ್ರು ಎಂದಿನಂತೆ ಬಂದರು. ಅವಳು ಕಿಟಕಿಯಲ್ಲಿ ನಿಂತಿದ್ದಳು.

"ಇವತ್ತು ಅಪ್ಪನ ಹೆಸರು ಬಂದಿತ್ತಾ?"

"...ಬಂದಿತ್ತು."

"ನೀವೇ ದಾಟಿಸಿದ್ರಾ?"

"ಹೌದು."

"ಯಾಕೆ?"

ಮೇಷ್ಟ್ರು ಒಮ್ಮೆ ಒಳಗೆ ನೋಡಿದರು. ಕತ್ತಲೆಯ ಕೋಣೆಯಲ್ಲಿ ಅಪ್ಪ ಅಲುಗಾಡದೆ ಕೂತಿದ್ದರು.

"ಅದನ್ನ ನಾನು ಹೇಳೋಕಾಗಲ್ಲ ಮೇಡಂ."

"ಹೇಳೋಕಾಗಲ್ವಾ?! ಹದಿನೇಳು ದಿನ ಆ ಮುದಿ ಜೀವಾನ ಬೀದಿ ಬೀದಿ ನಡೆಸಿ, ಹೆಸರು ಬಂದ ದಿನ ಬಿಟ್ಟುಬಿಟ್ರಿ! ನಿಮಗೆ ಇದು ಆಟ. ಮೈದಾನ ಖಾಲಿ ಇತ್ತು, ಆಡೋಕೆ ನಮ್ಮಪ್ಪ ಸಿಕ್ರು. ನನಗೆ ಇರೋದೇ ಅವರೊಬ್ಬರು ಮೇಷ್ಟ್ರೇ... ನೀವು ನಂಬೋ ಅಂಥವರು ಅಂದ್ಕೊಂಡಿದ್ದೆ. ನನ್ನದೇ ತಪ್ಪು!"

ಅವರ ಪ್ಯಾಂಟು ಹಲಗೆಯ ಮೇಲಿತ್ತು, ಗುರುತು ಹಾಕಿ ಕಚ್ಚಾ ಹೊಲಿಗೆ ಮುಗಿದಿತ್ತು. ಹಾಗೇ ಬುಟ್ಟಿಗೆ ಎಸೆದಳು.

"ತಗೊಂಡು ಹೋಗಿ. ಇನ್ನು ಈ ಕಡೆ ಬರಬೇಡಿ."

ಮೇಷ್ಟ್ರು ಪ್ಯಾಂಟನ್ನು ಮಡಚಿಕೊಂಡು, ಒಳಗಿದ್ದ ಅಪ್ಪನತ್ತ ತಲೆಬಾಗಿ, ಹೊರಟುಹೋದರು.

ಅವರ ಬೆನ್ನು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಕಿಟಕಿ ಮುಚ್ಚಿ, ಅದಕ್ಕೇ ಹಣೆ ಒತ್ತಿ ಅತ್ತಳು. ಅಪ್ಪನಿಗಾಗಿ ಅತ್ತದ್ದೆಷ್ಟು, ತನಗಾಗಿ ಅತ್ತದ್ದೆಷ್ಟು... ಅವಳಿಗೇ ಗೊತ್ತಾಗಲಿಲ್ಲ.

* * *

ನಾಲ್ಕು ದಿನ ಮನೆಯಲ್ಲಿ ಮೆಷಿನ್ನಿನದೊಂದೇ ಸದ್ದು.

ಐದನೇ ದಿನ ಅಪ್ಪ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಬಂದು, ಅವಳ ಮೆಷಿನ್ನಿನ ಎದುರು ಸ್ಟೂಲ್ ಎಳೆದುಕೊಂಡು ಕೂತರು.

"ಆ ಹುಡುಗನ ಪ್ಯಾಂಟು ಹಾಗೇ ವಾಪಸ್ ಕೊಟ್ಯಲ್ಲ ಪುಟ್ಟಿ... ಅವನು ಅದನ್ನ ಏನಂತ ಹಾಕ್ಕೊಳ್ತಾನೆ, ಬರೀ ಕಚ್ಚಾ ಹೊಲಿಗೆ..."

"ಅವರ ಮಾತು ಬೇಡಪ್ಪ."

"ಬೇಕು. ಆವತ್ತು ಫೋನ್ ಬಂದಿತ್ತು."

ಅವಳ ಕೈ ನಿಂತಿತು.

"ಅವನೇ ಮಾಡಿದ್ದ. 'ಬನ್ನಿ ಯಜಮಾನ್ರೇ, ನಿಮ್ಮ ಸರದಿ' ಅಂದ. ನಾನೇ... ನಾನೇ ಇವತ್ತು ಬೇಡ ಕಣಪ್ಪ, ಕೈ ಮುಗೀತೀನಿ ಅಂದೆ. ಮಗಳಿಗೆ ಹೇಳಬೇಡ ಅಂತ ಮಾತು ತಗೊಂಡೆ."

"ಯಾಕಪ್ಪ?!"

ಅಪ್ಪ ತಮ್ಮ ಒರಟು ಅಂಗೈಗಳನ್ನೇ ನೋಡುತ್ತ ಕೂತರು. ಒಲೆಯ ತಗಡು ತಾಗಿ ತಾಗಿ ಸುಟ್ಟ ಗುರುತುಗಳಿದ್ದ ಕೈಗಳು.

"ನನಗೆ ಸೂಜಿ ಅಂದ್ರೆ ಆಗಲ್ಲ ಪುಟ್ಟಿ. ನೀನು ಬಟ್ಟೆಗೆ ಹಾಕೋದು ಬೇರೆ. ಮೈಗೆ ಅಂದ್ರೆ... ನಿಮ್ಮಮ್ಮ ಆ ವಾರ್ಡಿನಲ್ಲಿ ಹತ್ತೊಂಬತ್ತು ದಿನ ಇದ್ದಳಲ್ಲ. ನೀನು ಮಧ್ಯಾಹ್ನ ಬರ್ತಿದ್ದೆ. ಬೆಳಿಗ್ಗೆ ಹೊತ್ತು ನಾನೊಬ್ಬನೇ. ಅವಳ ಕೈಯಲ್ಲಿ ನರ ಸಿಗ್ತಿರಲಿಲ್ಲ. ದಿನಾ ನಾಲ್ಕು ಕಡೆ, ಐದು ಕಡೆ ಚುಚ್ಚೋರು. ಕೊನೇ ದಿನ ನನ್ನ ಮುಖ ನೋಡಿ, 'ಸಾಕು ಅಂತ ಹೇಳ್ರೀ' ಅಂದಳು. ನಾನು... 'ಇನ್ನೊಂದೇ ಒಂದು, ತಡ್ಕೋ' ಅಂದೆ."

ಅಪ್ಪನ ಎದೆ ಸುಂಯ್‌ಗುಟ್ಟಿತು.

"ಅದೇ ನಾನು ಅವಳಿಗೆ ಹೇಳಿದ ಕೊನೇ ಮಾತು."

ಹನ್ನೊಂದು ವರ್ಷ! ಒಂದೇ ಸೂರಿನಡಿ ಇದ್ದೂ ಅವಳಿಗೆ ಇದು ಗೊತ್ತಿರಲಿಲ್ಲ. ರಕ್ತಪರೀಕ್ಷೆಗೆ ಬರೆದುಕೊಟ್ಟ ಚೀಟಿಗಳೆಲ್ಲ ಯಾಕೆ ಕಳೆದುಹೋಗುತ್ತಿದ್ದವು ಎನ್ನುವುದು ಈಗ ಅರ್ಥವಾಯಿತು.

"ಮೇಷ್ಟ್ರಿಗೆ ಹೇಗೆ ಗೊತ್ತಾಯ್ತು?"

"ಅವನ ಹತ್ರ ಗಡಿಯಾರ ಇದೆಯಲ್ಲ!" ಅಪ್ಪ ಕಣ್ಣೊರೆಸಿಕೊಂಡು ನಕ್ಕರು. "ಶಾಲೆ ಕಡೆಗೆ ಕಾಲೇ ಏಳ್ತಿರಲಿಲ್ಲ ನನಗೆ. ಚಪ್ಪಲಿ ಸರಿ ಮಾಡ್ಕೊಂಡು, ಗೋಡೆ ನೋಡ್ಕೊಂಡು ಹೋಗ್ತಿದ್ದೆ. ನಾಲ್ಕನೇ ದಿನ ಕೇಳಿದ. 'ಯಜಮಾನ್ರೇ, ಹೋಗುವಾಗ ಹತ್ತೊಂಬತ್ತು, ಬರುವಾಗ ಹನ್ನೊಂದು. ದಾರಿ ಅದೇ, ಎದೆ ಅದೇ. ಏನಿದು?' ಅಂತ. ಗೇಟಿನ ಹತ್ರದ ಕಟ್ಟೆ ಮೇಲೆ ಕೂತು ಎಲ್ಲಾ ಹೇಳಿಬಿಟ್ಟೆ."

"ನನಗೆ ಹೇಳಬಾರದಿತ್ತಾ ಅಪ್ಪ?"

"ನಿನ್ನ ಎದುರು ಅಪ್ಪ ಆಗಿರಬೇಕಲ್ಲ ಮಗಳೇ... ಅವನು ನಗಲಿಲ್ಲ. ಒಂದು ದಿನ ಗೇಟು ದಾಟಿ ಮೈದಾನದ ತನಕ ಕರ್ಕೊಂಡು ಹೋದ. ಆಮೇಲೆ ಒಳಗೆ. ಇನ್ನೊಂದು ದಿನ ಆ ಕುರ್ಚಿ ಮೇಲೆ ಸುಮ್ಮನೆ ಕೂರಿಸಿದ. 'ನಿಮಗೆ ಆದಾಗ ಹೇಳಿ, ನಿಮ್ಮ ಹೆಸರು ನಾನು ಅಳಿಸಲ್ಲ' ಅಂದ. ನೀನು ಅಷ್ಟು ಬೈದಾಗ್ಲೂ ಬಾಯಿ ಬಿಡಲಿಲ್ಲ ನೋಡು! ನಾನು ಕತ್ತಲಲ್ಲಿ ಕೂತು ನನ್ನ ಮಾನ ಉಳಿಸ್ಕೊಂಡೆ. ಅವನು ರಸ್ತೆ ಮಧ್ಯೆ ನಿಂತು ಕಳ್ಕೊಂಡ."

ಅವಳು ಎದ್ದು ಅಪ್ಪನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಅಮ್ಮ ನಿನ್ನ ಮೇಲೆ ಸಿಟ್ಟಿಟ್ಕೊಂಡು ಹೋಗಲಿಲ್ಲಪ್ಪ. ಹಿಂದಿನ ಮಧ್ಯಾಹ್ನ ನನ್ನ ಹತ್ರ ಹೇಳಿದ್ಲು, 'ನಿಮ್ಮಪ್ಪ ಕೈ ಹಿಡ್ಕೊಂಡಿದ್ರೆ ನೋವು ಅರ್ಧ ಆಗುತ್ತೆ' ಅಂತ."

ಅಪ್ಪ ಮಗುವಿನಂತೆ ಅತ್ತರು. ಅವಳು ಅಳಲು ಬಿಟ್ಟಳು.

* * *

ಕೇಂದ್ರದ ಬಾಗಿಲು ಹಾಕುವ ಹೊತ್ತಿಗೆ ಅವಳು ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಮೇಷ್ಟ್ರು ಕುರ್ಚಿಗಳನ್ನು ಒರೆಸುತ್ತಿದ್ದರು. ಅವಳನ್ನು ನೋಡಿ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

"ಅಪ್ಪ ಎಲ್ಲಾ ಹೇಳಿದ್ರು..."

"ಓ."

"ನಾನು ಆವತ್ತು ಬಾಯಿಗೆ ಬಂದ ಹಾಗೆ..."

"ಇಲ್ಲ ಮೇಡಂ, ಚೆನ್ನಾಗೇ ಬೈದ್ರಿ. ಹನ್ನೆರಡು ವರ್ಷದಲ್ಲಿ ನಮ್ಮ ಹೆಡ್‌ಮಾಸ್ಟರ್ ಕೈಲೂ ಅಷ್ಟು ನೀಟಾಗಿ ಬೈಯೋಕೆ ಆಗಿಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಕೈ ಮುಗಿದಳು. "ಒಂದು ಮಾತು ಹೇಳಿದ್ರೆ ಮುಗೀತಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಕಣ್ಣಲ್ಲಿ ನಾನು ಉಳೀತಿದ್ದೆ. ಅವರು ಸಣ್ಣವರಾಗ್ತಿದ್ರು." ಮೇಷ್ಟ್ರು ಮತ್ತೆ ಕುರ್ಚಿ ಒರೆಸತೊಡಗಿದರು. "ನನಗೆ ಅಪ್ಪ ಇಲ್ಲ ಮೇಡಂ. ಇರೋವರ ಮರ್ಯಾದೆ ನೋಡ್ಕೋಬೇಕಲ್ಲ."

ಅವಳು ಬಾಗಿಲ ಬಳಿ ಇದ್ದ ಇನ್ನೊಂದು ಬಟ್ಟೆ ತೆಗೆದುಕೊಂಡು ಆ ಕೊನೆಯ ಸಾಲಿನಿಂದ ತಾನೂ ಒರೆಸುತ್ತ ಬಂದಳು. ಮೂವತ್ತಾರು ಕುರ್ಚಿ. ಅಷ್ಟೂ ಮುಗಿಯುವವರೆಗೆ ಇಬ್ಬರೂ ಒಂದೂ ಮಾತಾಡಲಿಲ್ಲ. ಅವಳ ಬದುಕಿನ ಅತಿ ಸೊಗಸಾದ ಸಂಜೆ ಅದೇ ಎಂದು ನಾನು ಹೇಳಿದರೆ ನೀವು ನಂಬಬೇಕು.

* * *

ಮುಂದಿನ ಬುಧವಾರ, ಐದಕ್ಕೆ ಹತ್ತು ನಿಮಿಷ. ಫೋನ್ ಬಂತು.

"ಯಜಮಾನ್ರೇ, ಎರಡು ಡೋಸ್ ಮಿಕ್ಕಿದೆ. ಒಂದು ನಿಮ್ಮದು. ಏನಂತೀರಿ?"

ಅಪ್ಪ ಮ್ಲಾನವಾಗಿ ಮಗಳತ್ತ ನೋಡಿದರು.

ತಡ್ಕೋ ಎನ್ನಲಿಲ್ಲ ಅವಳು. ಧೈರ್ಯ ಮಾಡು ಎಂದೂ ಹೇಳಲಿಲ್ಲ. ಚಪ್ಪಲಿ ತಂದು ಕಾಲ ಬಳಿ ಇಟ್ಟಳು. "ಹೋಗೋಣ. ದಾರೀಲಿ ಎಲ್ಲೇ ಬೇಡ ಅನ್ಸಿದ್ರೂ ವಾಪಸ್ ಬರೋಣ. ನಾನು ಬೈಯಲ್ಲ. ಮೇಷ್ಟ್ರಿಗೂ ಬೈಯಲ್ಲ!"

ಅಪ್ಪ ಎದ್ದರು.

ಮೊದಲ ತಿರುವಿನಲ್ಲಿ ಒಮ್ಮೆ ನಿಂತರು, ಈ ಸಲ ಉಸಿರಿಗಾಗಿಯೇ. ಎರಡನೇ ತಿರುವಿನಲ್ಲಿ ಅವಳ ಕೈ ಹಿಡಿದರು. ಗೇಟಿನಲ್ಲಿ ಮೇಷ್ಟ್ರು ನಿಂತಿದ್ದರು, ಗಡಿಯಾರದ ಕಡೆ ನೋಡಲೇ ಇಲ್ಲ.

"ಎಷ್ಟಾಯ್ತು?" ಎಂದರು ಅಪ್ಪ ಏದುಸಿರಿನಲ್ಲಿ.

"ಬಂದ್ರಲ್ಲ ಯಜಮಾನ್ರೇ, ಸಾಕು."

ದಪ್ಪ ಕನ್ನಡಕದ ಸಿಸ್ಟರ್ ಗೋಡೆ ಗಡಿಯಾರ ನೋಡಿ, "ಒಂಬತ್ತೂವರೆ ನಿಮಿಷ. ಪಾಸು!" ಎಂದರು. ಆಕೆಗೆ ಮೇಷ್ಟ್ರು ಏನು ಹೇಳಿದ್ದರೋ! ತಟ್ಟೆಯ ಮೇಲೆ ಬಟ್ಟೆ ಮುಚ್ಚಿಟ್ಟು, "ಅಣ್ಣಾ, ಬೇಕರೀಲಿದ್ರಂತೆ? ನಮ್ಮನೇಲಿ ಬ್ರೆಡ್ ಮಾಡಿದ್ರೆ ಇಟ್ಟಿಗೆ ಆಗುತ್ತೆ. ಯಾಕೆ ಹೇಳಿ?" ಎಂದು ಶುರು ಮಾಡಿದರು.

"ಹಿಟ್ಟು ಎಷ್ಟು ಹೊತ್ತು ಬಿಡ್ತೀರಿ?" ಅಪ್ಪ ಕಣ್ಣು ಮುಚ್ಚಿಯೇ ಕೇಳಿದರು. ಅವರ ಎಡಗೈ ಮಗಳ ಕೈಯನ್ನು ನೋಯುವಷ್ಟು ಹಿಡಿದಿತ್ತು.

"ಅರ್ಧ ಗಂಟೆ."

"ಅಯ್ಯೋ ತಾಯಿ, ಅರ್ಧ ಗಂಟೆಗೆ ಏನು ಉಬ್ಬುತ್ತೆ? ಎರಡು ಗಂಟೆನಾದ್ರೂ..."

"ಆಯ್ತು."

"ಏನಾಯ್ತು?"

"ನಿಮ್ದು ಆಯ್ತು ಅಣ್ಣಾ. ಎದ್ದೇಳಿ."

ಅಪ್ಪ ಕಣ್ಣು ಬಿಟ್ಟರು. ತೋಳು ನೋಡಿಕೊಂಡರು. ಮಗಳನ್ನು ನೋಡಿದರು. "ಇಷ್ಟೇನಾ..." ಎಂದರು ಮೆಲ್ಲಗೆ. ಆಮೇಲೆ ಸಿಸ್ಟರ್‌ಗೆ, ಮೇಷ್ಟ್ರಿಗೆ, ಬಾಗಿಲಲ್ಲಿ ನಿಂತ ಕಾವಲುಗಾರನಿಗೆ, ಕೊನೆಗೆ ಆ ಪುಟ್ಟ ಸೀಸೆಗೂ ಕೈ ಮುಗಿದರು.

* * *

ಅರ್ಧ ಗಂಟೆ ಕೂರಬೇಕು ಎನ್ನುವುದು ನಿಯಮ. ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಒಂದು ಬಿಟ್ಟು ಒಂದಕ್ಕೆ ದೊಡ್ಡ ಗುಣಾಕಾರದ ಗುರುತು ಹಾಕಿದ ಕಾಗದ ಅಂಟಿಸಿತ್ತು. ಅಪ್ಪ ಮುಂದಿನ ಸಾಲಿನಲ್ಲಿ ಕೂತು, ಹಿಟ್ಟು ನಾದುವುದು ಹೇಗೆಂದು ಕಾವಲುಗಾರನಿಗೆ ಗಾಳಿಯಲ್ಲಿ ತೋರಿಸುತ್ತಿದ್ದರು.

ಅವಳು ಹಿಂದಿನ ಸಾಲಿನಲ್ಲಿದ್ದಳು. ಮೇಷ್ಟ್ರು ಬಂದು, ನಡುವೆ ಕಾಗದದ ಕುರ್ಚಿ ಬಿಟ್ಟು ಕೂತರು.

"ನಿಮ್ಮಪ್ಪನ ಜೊತೆ ನಡೆಯೋಕೆ ದಿನಾ ಬರ್ತಿದ್ದೆನಲ್ಲ ಮೇಡಂ..."

"ಹ್ಞೂಂ."

"ಪೂರ್ತಿ ಅವರಿಗೋಸ್ಕರನೇ ಅಲ್ಲ."

ಅವಳು ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡಳು. ದೇವರೇ, ಮಾಸ್ಕ್ ಒಂದಿದೆ, ಸದ್ಯ!

"ಗೊತ್ತು," ಎಂದಳು.

"ಗೊತ್ತಾ?!"

"ನಿಮ್ಮ ಮನೆ ಇರೋದು ಶಾಲೆಯ ಆಚೆ ಬದಿಗೆ. ಮೇಲ್ಮನೆ ಆಂಟಿ ಹೇಳಿದ್ರು. ನೀವು ದಿನಾ 'ಹೇಗೂ ದಾರೀಲೇ ಅಲ್ವಾ' ಅಂತಿದ್ರಿ."

ಮೇಷ್ಟ್ರು ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ನೆಲ ನೋಡಿದರು. "ಮತ್ತೆ... ಏನು ಹೇಳ್ತೀರಿ?"

ಅವಳು ಮುಂದಿನ ಸಾಲಿನತ್ತ ನೋಡಿದಳು. ಬೆಳ್ಳಗಾದ ಆ ತಲೆ, ಗಾಳಿಯಲ್ಲಿ ಹಿಟ್ಟು ನಾದುತ್ತಿರುವ ಆ ಕೈಗಳು.

"ನಾನು ಒಬ್ಬಳೇ ಬರಲ್ಲ ಮೇಷ್ಟ್ರೇ. ನನ್ನ ಜೊತೆ ಅಪ್ಪನೂ ಬರ್ತಾರೆ."

"ನನಗೆ ಮೊದಲು ಹೊಂದಿಕೆ ಆಗಿದ್ದೇ ಅವರ ಜೊತೆ. ಅವರ ಜೊತೆಗೆ ನೀವೂ ಬರೋದಾದ್ರೆ... ಬೇಡ ಅನ್ನಲ್ಲ."

ಅವಳು ನಕ್ಕಳು. ನಗುತ್ತ ನಗುತ್ತಲೇ ಕಣ್ಣೀರು ಇಳಿಯಿತು.

"ಅಳ್ತಿದ್ದೀರಾ?"

"ಇಲ್ಲ."

"ಮಾಸ್ಕ್ ಒದ್ದೆ ಆಗ್ತಿದೆ."

"ಹೊಸದು ಹೊಲ್ಕೊಳ್ತೀನಿ. ನಿಮಗೂ ಒಂದು."

"ಅಳತೆ ಬೇಡ್ವಾ?"

"ಕಣ್ಣಳತೆ ಸಾಕು. ನೀವು ನೀರು ಕುಡಿದ ದಿನವೇ ತಗೊಂಡಿದ್ದೀನಿ."

ಅಷ್ಟರಲ್ಲಿ ಅಂದಿನ ಕೊನೆಯ ಡೋಸ್ ಹಾಕಿಸಿಕೊಂಡ ಅಜ್ಜಿಯೊಬ್ಬರು ತೋಳು ಒತ್ತಿಕೊಳ್ಳುತ್ತ ನಿಧಾನವಾಗಿ ಆ ಸಾಲಿಗೆ ಬಂದರು. ಸುತ್ತ ಇಪ್ಪತ್ತು ಕುರ್ಚಿ ಖಾಲಿ ಇದ್ದವು. ಅಜ್ಜಿ ನೇರವಾಗಿ ಇವರಿಬ್ಬರ ನಡುವಿನ ಕುರ್ಚಿಯ ಕಾಗದವನ್ನು ಪರ್ರನೆ ಕಿತ್ತರು. ಅದನ್ನು ಅಂಟಿಸಿದ್ದ ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಅಜ್ಜಿ ಅಲ್ಲೇ ಕೂತು, ಕಾಗದವನ್ನು ಎರಡು ಮಡಿಕೆ ಮಾಡಿ ಗಾಳಿ ಬೀಸಿಕೊಳ್ಳುತ್ತ ಕಣ್ಣು ಮುಚ್ಚಿದರು.